ಕಾರಿನ ಪಾರ್ಟ್‌ಗಳಿಗೆ ಕ್ರಯೋ ಮಾಡಿಸುವ ಮುಂಚೆ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ

"ಅಣ್ಣಾ, ಡಿಸ್ಕ್ ಮೈನಸ್ ಇನ್ನೂರು ಡಿಗ್ರಿಗೆ ಇಟ್ಟು ತೆಗೆದ್ರ ಡಬಲ್ ಬಾಳಿಕಿ ಬರ್ತದಂತ, ಖರೇ ಏನು?"

ವಾರಕ್ಕೆ ಒಬ್ಬರಾದರೂ ಇದನ್ನೇ ಕೇಳುತ್ತಾರೆ. ವಿಡಿಯೊದಲ್ಲಿ ಹೊಗೆ ಹೊಗೆಯಾಗಿ ಹೊರಬರುವ ಬ್ರೇಕ್ ಡಿಸ್ಕ್ ನೋಡಿರುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಇಲ್ಲಿ ಬರೆದಿಡುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೆಲವು ಪಾರ್ಟ್‌ಗಳಿಗೆ ಬಾಳಿಕೆ ಹೆಚ್ಚೋದು ಖರೇ. ಹೆಚ್ಚಿನವಕ್ಕೆ ಅಲ್ಲ. ಯಾವುದಕ್ಕೆ ಹೌದು, ಯಾವುದಕ್ಕೆ ಅಲ್ಲ ಅನ್ನೋದು ಆ ಪಾರ್ಟ್ ಯಾವ ಉಕ್ಕಿನದು, ಅದಕ್ಕೆ ಮೊದಲು ಎಂಥ ಹದ (ಕಾಯಿಸಿ, ತಣಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್) ಕೊಟ್ಟಿದ್ದಾರೆ ಅನ್ನೋದರ ಮೇಲಿದೆ. ಚಳಿಯ ಮೇಲೆ ಅಲ್ಲ.

ಮೊದಲು, ಇದೇನು?

ಕ್ರಯೋ ಅಂದರೆ ಲೋಹವನ್ನು ನಿಧಾನವಾಗಿ ಮೈನಸ್ 185 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸುವುದು, ಅಲ್ಲೇ ಸುಮಾರು ಒಂದು ದಿನ ಬಿಡುವುದು, ಅಷ್ಟೇ ನಿಧಾನವಾಗಿ ಮೇಲೆ ತರುವುದು, ಕೊನೆಗೆ ಓವನ್ನಿನಲ್ಲಿ ಹದವಾಗಿ ಕಾಯಿಸುವುದು. ತಣ್ಣಗೆ ಮಾಡೋಕೆ ದ್ರವ ನೈಟ್ರೋಜನ್ ಬಳಸುತ್ತಾರೆ. ಅದು ಕುದಿಯೋದೇ ಮೈನಸ್ 196 ಡಿಗ್ರಿಯಲ್ಲಿ.

ಊರಿನ ಕಂಬಾರ ಕುಡುಗೋಲು ಕಾಯಿಸಿ ನೀರಿಗೆ ಅದ್ದೋದನ್ನು ನೋಡಿರುತ್ತೀರಿ, ಅಲ್ವಾ? ಕೆಂಪಗೆ ಕಾದ ಉಕ್ಕಿನೊಳಗೆ ಆಸ್ಟೆನೈಟ್ ಅನ್ನೋ ರಚನೆ ಇರುತ್ತದೆ. ಅದು ಮೆತ್ತಗಿನದು. ಥಟ್ಟನೆ ತಣ್ಣಗಾದಾಗ ಅದು ಮಾರ್ಟೆನ್ಸೈಟ್ ಆಗಿ ಬದಲಾಗುತ್ತದೆ. ಇದು ಗಟ್ಟಿ, ಸವೆಯೋದು ಕಡಿಮೆ. ಕುಡುಗೋಲಿಗೆ ಅಲಗು ನಿಲ್ಲೋದು ಇದರಿಂದಲೇ.

ಆದರೆ ಉಕ್ಕಿನಲ್ಲಿ ಕಾರ್ಬನ್ ಜಾಸ್ತಿ ಇದ್ದರೆ, ಅಂದಾಜು ನೂರಕ್ಕೆ 0.6ರ ಮೇಲೆ ಹೋದರೆ, ಈ ಬದಲಾವಣೆ ನಮ್ಮ ಕೋಣೆಯ ಶಾಖದಲ್ಲಿ ಪೂರ್ತಿ ಮುಗಿಯುವುದಿಲ್ಲ. ಮುಗಿಯಬೇಕಾದರೆ ಸೊನ್ನೆಗಿಂತ ಕೆಳಗೆ ಹೋಗಬೇಕು. ಕೋಣೆಯಲ್ಲೇ ನಿಂತುಬಿಟ್ಟರೆ ಸ್ವಲ್ಪ ಆಸ್ಟೆನೈಟ್ ಹಾಗೇ ಉಳಿಯುತ್ತದೆ. ಇದನ್ನು ಉಳಿಕೆ ಆಸ್ಟೆನೈಟ್ ಅನ್ನೋಣ. ಕ್ರಯೋ ಮಾಡೋ ಮುಖ್ಯ ಕೆಲಸ ಈ ಉಳಿಕೆಯನ್ನು ಮಾರ್ಟೆನ್ಸೈಟ್ ಮಾಡೋದು. ಇನ್ನೊಂದು ಕೆಲಸವೂ ಇದೆ. ಆಮೇಲೆ ಕಾಯಿಸಿದಾಗ ಉಕ್ಕಿನೊಳಗೆ ತೀರಾ ಸಣ್ಣ ಕಾರ್ಬೈಡ್ ಕಣಗಳು ಒಂದೇ ಸಮನಾಗಿ ಹರಡಿ ಕೂರುತ್ತವೆ. ಇವೂ ಸವಕಳಿ ತಡೆಯುತ್ತವೆ.

ಅಂದರೆ ಕ್ರಯೋ ಅನ್ನೋದು ಹೀಟ್ ಟ್ರೀಟ್‌ಮೆಂಟಿನ ಬಾಲ. ಎಮ್ಮೆಯೇ ಇಲ್ಲದಿದ್ದರೆ ಬಾಲ ಹಿಡಿದು ಏನು ಮಾಡ್ತೀರಿ? ಸರಿಯಾಗಿ ಹದ ಕೊಡದ ಪಾರ್ಟನ್ನು ಎಷ್ಟು ತಣ್ಣಗೆ ಮಾಡಿದರೂ ಅಷ್ಟೇ.

1982ರಲ್ಲಿ ಅಮೆರಿಕದ ರ‍್ಯಾಂಡಲ್ ಬ್ಯಾರನ್ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕರು ಬೇರೆ ಬೇರೆ ಲೋಹಗಳನ್ನು ಹೀಗೆ ತಣ್ಣಗೆ ಮಾಡಿ ಉಜ್ಜಿ ನೋಡಿದ ಫಲಿತಾಂಶ ಪ್ರಕಟಿಸಿದರು. ಟೂಲ್ ಸ್ಟೀಲುಗಳಲ್ಲಿ, ಅಂದರೆ ಡ್ರಿಲ್, ಪಂಚ್, ಡೈ ಮಾಡುವ ಉಕ್ಕಿನಲ್ಲಿ, ಸವಕಳಿ ಚೆನ್ನಾಗಿ ಕಡಿಮೆಯಾಗಿತ್ತು. ಸಾದಾ ಕಾರ್ಬನ್ ಸ್ಟೀಲು ಮತ್ತು ಬೀಡು ಕಬ್ಬಿಣದಲ್ಲಿ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ನಮ್ಮ ಕಾರಿನ ಬ್ರೇಕ್ ಡಿಸ್ಕ್ ಯಾವುದರದ್ದು? ಬೀಡು ಕಬ್ಬಿಣದ್ದು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಹಂತ 1: ಏಕೆ ಸವೆಯುತ್ತಿದೆ ಅಂತ ನೋಡಿ

ಪಾರ್ಟ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಡಿಸ್ಕ್ ಆದರೆ ಉಗುರನ್ನು ನಡುವಿನಿಂದ ಅಂಚಿಗೆ ಎಳೆಯಿರಿ. ಗ್ರಾಮಫೋನ್ ತಟ್ಟೆಯ ಹಾಗೆ ಗೀರು ಗೀರಾಗಿ ಉಗುರಿಗೆ ಸಿಕ್ಕರೆ ಅದು ಧೂಳಿನ ಕೆಲಸ, ಇಲ್ಲವೇ ಪ್ಯಾಡ್ ಪೂರ್ತಿ ತಿಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದೆ. ಸೇಡಂ, ಚಿತ್ತಾಪುರ, ವಾಡಿ ಕಡೆ ಸಿಮೆಂಟ್ ಲಾರಿಗಳ ಹಿಂದೆ ದಿನಾ ಓಡುವ ಗಾಡಿಗಳಲ್ಲಿ ಇದು ಮಾಮೂಲಿ. ಅಲ್ಲಲ್ಲಿ ನೀಲಿ ಕಲೆ ಇದ್ದರೆ ಬ್ರೇಕ್ ತೀರಾ ಕಾದಿದೆ. ಕ್ಯಾಲಿಪರ್ ಪಿನ್ ಹಿಡಿದುಕೊಂಡಿರಬಹುದು, ಚೆಕ್ ಮಾಡಿಸಿ. ಕ್ಯಾಲಿಪರ್ ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಇಕ್ಕಳ.

ಗೇರ್ ಆದರೆ ಹಲ್ಲು ನೋಡಿ. ಹಲ್ಲಿನ ಮೈ ನುಣ್ಣಗೆ, ಒಂದೇ ಸಮನಾಗಿ ತೆಳ್ಳಗಾಗಿದ್ದರೆ ಅದು ಸವಕಳಿ. ಸಿಡುಬಿನ ಕಲೆ ಥರ ಗುಳಿಗಳಿದ್ದರೆ ಲೋಡಿನ ದಣಿವು. ಮೂಲೆ ಮುರಿದಿದ್ದರೆ ಏಟು ಬಿದ್ದಿದೆ. ಹೊಲದ ದಾರಿಯಲ್ಲಿ ತೊಗರಿ ಚೀಲ ಹೇರಿಕೊಂಡು ಹೋಗಿ, ಕೆಸರಲ್ಲಿ ಸಿಕ್ಕಿಬಿದ್ದು, ಕ್ಲಚ್ ಥಟ್ಟಂತ ಬಿಟ್ಟರೆ ಹೀಗಾಗುತ್ತದೆ. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ಗಾಡಿಯನ್ನು ಹೇಗೆ ಹಿಡಿದುಕೊಳ್ಳುತ್ತದೆ ಅಂತ ಗೊತ್ತೇ ಇದೆಯಲ್ಲ.

ಹಲ್ಲಿನ ಈ ಮೂರರಲ್ಲಿ ಕ್ರಯೋಗೆ ಸಂಬಂಧ ಇರೋದು ಮೊದಲನೆಯದಕ್ಕೆ, ಅಂದರೆ ಸವಕಳಿಗೆ ಮಾತ್ರ. ಮುರಿಯುವ ಹಲ್ಲಿಗೆ ಇದು ಮದ್ದಲ್ಲ. ಹಾಗೆ ನೋಡಿದರೆ ಉಲ್ಟಾ ಆಗುವ ಸಾಧ್ಯತೆಯೂ ಇದೆ. ಸ್ವಲ್ಪ ಉಳಿಕೆ ಆಸ್ಟೆನೈಟ್ ಇದ್ದರೆ ಹಲ್ಲಿಗೆ ಏಟು ತಾಳುವ ಗುಣ ಇರುತ್ತದೆ. ಅದನ್ನೂ ತೆಗೆದುಬಿಟ್ಟರೆ ಹಲ್ಲು ಇನ್ನೂ ಗಟ್ಟಿ, ಇನ್ನೂ ಪೆಡಸು. ಓವರ್‌ಲೋಡ್ ಓಡಿಸುವವರು ಇಲ್ಲಿಗೇ ನಿಲ್ಲಿಸಿ, ಆ ದುಡ್ಡಲ್ಲಿ ಒಳ್ಳೆ ಗೇರ್ ಆಯಿಲ್ ಹಾಕಿಸಿ.

ಇಂಜಿನ್ ಸವೆತ ಅಂತ ಬಂದವರಿಗೆ ನನ್ನ ಮೊದಲ ಪ್ರಶ್ನೆ ಒಂದೇ: ಏರ್ ಫಿಲ್ಟರ್ ಯಾವಾಗ ಬದಲಿಸಿದ್ರಿ? ಹತ್ತರಲ್ಲಿ ಆರು ಜನ ತಲೆ ಕೆರೆದುಕೊಳ್ಳುತ್ತಾರೆ.

ಹಂತ 2: ಯಾವ ಪಾರ್ಟ್ ಅಂತ ತೀರ್ಮಾನಿಸಿ

ಇದೇ ಮುಖ್ಯ ಹಂತ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಕ್ರೌನ್ ಪಿನಿಯನ್ (ಇಂಜಿನ್ನಿನ ತಿರುಗನ್ನು ಚಕ್ರದ ಕಡೆ ತಿರುಗಿಸುವ ಜೋಡಿ ಗೇರು), ಗೇರ್ ಬಾಕ್ಸಿನ ಗೇರುಗಳು. ಇವುಗಳಿಗೆ ಅರ್ಥವಿದೆ. ಇವನ್ನು ಸಾಮಾನ್ಯವಾಗಿ ಕೇಸ್ ಹಾರ್ಡನಿಂಗ್ ಮಾಡಿರುತ್ತಾರೆ. ಕಾರ್ಬನ್ ಕಡಿಮೆ ಇರುವ ಉಕ್ಕಿನ ಮೈಗೆ ಮಾತ್ರ ಕಾರ್ಬನ್ ಕುಡಿಸಿ ಗಟ್ಟಿ ಮಾಡುವ ಪದ್ಧತಿ ಇದು. ಕರ್ಚಿಕಾಯಿ ಇದ್ದ ಹಾಗೆ, ಹೊರಗೆ ಗರಿ, ಒಳಗೆ ಮೆತ್ತಗೆ. ಆ ಹೊರ ಪದರದಲ್ಲಿ ಕಾರ್ಬನ್ ನೂರಕ್ಕೆ 0.8ರ ಹತ್ತಿರ ಇರುತ್ತದೆ. ಹಾಗಾಗಿ ಅಲ್ಲಿ ಉಳಿಕೆ ಆಸ್ಟೆನೈಟೂ ಇರುತ್ತದೆ. ಕ್ರಯೋಗೆ ಕೆಲಸ ಸಿಗುತ್ತದೆ. ರ‍್ಯಾಲಿ ಓಡಿಸುವವರು, ಹಳೆ ಜೀಪು ಕಟ್ಟುವವರು ಇದಕ್ಕೆ ದುಡ್ಡು ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಏಟು ಬೀಳುವ ಗಾಡಿಗೆ ಬೇಡ ಅಂತ ಮೇಲೆ ಹೇಳಿದ್ದು ಇಲ್ಲೂ ಅನ್ವಯ.

ಬ್ರೇಕ್ ಡಿಸ್ಕ್, ಡ್ರಮ್. ಬೀಡು ಕಬ್ಬಿಣ. ಇದರಲ್ಲಿ ಮಾರ್ಟೆನ್ಸೈಟಿನ ಕಥೆಯೇ ಇಲ್ಲ. ಹದ ಕೊಟ್ಟಿರೋದಿಲ್ಲ, ಹಾಗಾಗಿ ಬದಲಾಗಬೇಕಾದ ಉಳಿಕೆಯೂ ಇರೋದಿಲ್ಲ. ಆದರೂ ರೇಸಿಂಗ್ ತಂಡದವರು ಮಾಡಿಸುತ್ತಾರೆ. ಎರಕ ಹೊಯ್ದಾಗ ಒಳಗೆ ಉಳಿದ ಬಿಗಿತ ಸಡಿಲವಾಗುತ್ತದೆ, ಡಿಸ್ಕ್ ಸೊಟ್ಟಗಾಗೋದು ಕಡಿಮೆ ಅನ್ನೋದು ಅವರ ವಾದ. ಪರೀಕ್ಷೆಗಳಲ್ಲಿ ಒಮ್ಮೆ ಫಲ ಕಂಡರೆ ಇನ್ನೊಮ್ಮೆ ಕಂಡಿಲ್ಲ. ಮನೆಯ ಕಾರಿಗೆ, ವಾರಕ್ಕೊಮ್ಮೆ ಹುಮನಾಬಾದಿಗೆ ಹೋಗಿಬರುವ ಗಾಡಿಗೆ, ಇದು ಬೇಡ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಅದೇ ದುಡ್ಡಿಗೆ ಒಳ್ಳೆ ಪ್ಯಾಡ್ ಬರುತ್ತದೆ.

ಎಕ್ಸೆಲ್ ಶಾಫ್ಟ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಟ್ಟಾ ಸ್ಪ್ರಿಂಗ್. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಇವು ಹೆಚ್ಚಾಗಿ ಉಕ್ಕೇ, ಹದ ಕೊಟ್ಟವೇ. ಆದರೆ ಇವುಗಳ ಕಾರ್ಬನ್ ಅಷ್ಟು ಜಾಸ್ತಿ ಇರೋದಿಲ್ಲ. ಜೊತೆಗೆ ಗಟ್ಟಿ ಮಾಡಿದ ಮೇಲೆ ಸಾಮಾನ್ಯವಾಗಿ 400, 500 ಡಿಗ್ರಿ ದಾಟಿ ಮತ್ತೆ ಕಾಯಿಸಿರುತ್ತಾರೆ. ಈ ಮರುಕಾಯಿಸೋದಕ್ಕೆ ಟೆಂಪರಿಂಗ್ ಅಂತಾರೆ. ಅಷ್ಟು ಕಾಯಿಸಿದರೆ ಉಳಿಕೆ ಆಸ್ಟೆನೈಟ್ ಆಗಲೇ ಒಡೆದುಹೋಗಿರುತ್ತದೆ. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಬೇರಿಂಗ್. ಬೇರಿಂಗ್ ಉಕ್ಕಿಗೆ ಕ್ರಯೋ ಒಪ್ಪುತ್ತದೆ. ಆದರೆ ಅದನ್ನು ಮಾಡಬೇಕಾದ್ದು ಬೇರಿಂಗ್ ತಯಾರಿಸುವವರು, ಗ್ರೈಂಡಿಂಗಿಗೆ ಮುಂಚೆ. ಗ್ರೀಸು, ಸೀಲು ಕೂತ ಬೇರಿಂಗನ್ನು ನೈಟ್ರೋಜನ್ ಚೇಂಬರಿಗೆ ಹಾಕಿದರೆ ಸೀಲು ಗಾಜಿನ ಥರ ಪುಡಿಯಾಗುತ್ತದೆ. ಮುಟ್ಟಬೇಡಿ.

ಅಲ್ಯೂಮಿನಿಯಂ ಪಿಸ್ಟನ್, ಹೆಡ್. ಬಿಟ್ಟುಬಿಡಿ.

ರಬ್ಬರ್, ಪ್ಲಾಸ್ಟಿಕ್, ಎಣ್ಣೆ ಇರುವ ಯಾವುದೇ ಜೋಡಿಸಿದ ಪಾರ್ಟ್, ವೆಲ್ಡಿಂಗ್ ಮಾಡಿದ್ದು, ಬಿರುಕು ಇರೋದು: ಯಾವುದನ್ನೂ ಕಳಿಸಬೇಡಿ. ಸವೆದುಹೋದ ಪಾರ್ಟನ್ನೂ ಅಷ್ಟೇ. ಹೋದ ಲೋಹ ತಣ್ಣಗೆ ಮಾಡಿದರೆ ಹುಟ್ಟಿ ಬರೋದಿಲ್ಲ. ಕ್ರಯೋ ಹೊಸ ಪಾರ್ಟಿಗೆ, ಗಾಡಿಗೆ ಹಾಕುವ ಮುಂಚೆ.

ಒಂದು ಅಡ್ಡ ಮಾತು. ಕಪನೂರ ಕಡೆ ಲೇಥ್ ಇಟ್ಟಿರುವ ಅಣ್ಣಂದಿರು ಇದನ್ನು ಓದುತ್ತಿದ್ದರೆ, ಕಾರು ಬಿಡಿ, ನಿಮ್ಮ ಪಂಚ್, ಡೈ, ಹೈಸ್ಪೀಡ್ ಡ್ರಿಲ್‌ಗಳಿಗೆ ಮಾಡಿಸಿ ನೋಡಿ. ಕ್ರಯೋದಿಂದ ನಿಜವಾದ ಲಾಭ ಇರೋದು ನಿಮಗೆ.

ಹಂತ 3: ಖರ್ಚಿನ ಲೆಕ್ಕ

ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ದುಡ್ಡು ತಗೊಳ್ತಾರೆ. ಕನಿಷ್ಠ ಇಷ್ಟು ಅಂತ ಒಂದು ಬಿಲ್ ಇರುತ್ತದೆ, ಅದನ್ನು ಮೊದಲೇ ಕೇಳಿ. ಒಂದೇ ಪಿನಿಯನ್ ತಗೊಂಡು ಹೋದರೆ ಕನಿಷ್ಠ ಬಿಲ್ಲೇ ಬೀಳುತ್ತದೆ. ನಾಲ್ಕು ಜನ ಸೇರಿ ಒಟ್ಟಿಗೆ ಕಳಿಸಿದರೆ ಉಳಿತಾಯ. ನನ್ನ ಲೆಕ್ಕ ಸರಳ. ಕ್ರಯೋ, ಟೆಂಪರಿಂಗ್, ಹೋಗಿಬರುವ ಸಾಗಣೆ ಎಲ್ಲ ಸೇರಿ ಹೊಸ ಪಾರ್ಟಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ಕೈಬಿಡುತ್ತೇನೆ.

ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮುಟ್ಟಲೇಬೇಡಿ. ಹೊರಗಡೆ ಟ್ರೀಟ್‌ಮೆಂಟ್ ಆದ ಪಾರ್ಟಿಗೆ ಕ್ಲೇಮ್ ಕೊಡಿ ಅಂದರೆ ಯಾರು ಕೊಡ್ತಾರೆ?

ಹಂತ 4: ಅಂಗಡಿ ಹುಡುಕಿ, ಪ್ರಶ್ನೆ ಕೇಳಿ

ಹೀಟ್ ಟ್ರೀಟ್‌ಮೆಂಟ್ ಅಂಗಡಿಗಳು ಗುಂಪಾಗಿ ಇರೋದು ಹೈದರಾಬಾದಿನ ಬಾಲಾನಗರ, ಬೆಂಗಳೂರಿನ ಪೀಣ್ಯ, ಪುಣೆಯ ಭೋಸರಿ ಕಡೆ. ಬೀದರಿನವರಿಗೆ ಹೈದರಾಬಾದ್ ಹತ್ತಿರ. ಕಲಬುರಗಿ, ಯಾದಗಿರಿಯವರಿಗೂ ಅದೇ ಸಲೀಸು. ಹೀಟ್ ಟ್ರೀಟ್‌ಮೆಂಟ್ ಮಾಡುವವರೆಲ್ಲ ಕ್ರಯೋ ಮಾಡೋದಿಲ್ಲ, ಹಾಗಾಗಿ ಫೋನ್ ಮಾಡಿ ಖಾತ್ರಿ ಮಾಡಿಕೊಂಡೇ ಹೊರಡಿ.

ಫೋನಿನಲ್ಲೇ ಈ ಪ್ರಶ್ನೆಗಳನ್ನು ಕೇಳಿ. ಎಷ್ಟು ಡಿಗ್ರಿಗೆ ಇಳಿಸ್ತೀರಿ? ಸಬ್‌ಝೀರೋ ಅಂದರೆ ಕೆಲವರ ಲೆಕ್ಕದಲ್ಲಿ ಮೈನಸ್ 80. ಅದೂ ಒಂದು ಟ್ರೀಟ್‌ಮೆಂಟೇ, ಉಳಿಕೆ ಆಸ್ಟೆನೈಟಿನ ದೊಡ್ಡ ಪಾಲು ಅದರಲ್ಲೇ ಬದಲಾಗುತ್ತದೆ. ಆದರೆ ಮೈನಸ್ 185ರ ದುಡ್ಡು ತಗೊಂಡು ಮೈನಸ್ 80 ಕೊಟ್ಟರೆ ಅದು ವ್ಯಾಪಾರ ಅಲ್ಲ. ನಿಮಿಷಕ್ಕೆ ಎಷ್ಟು ಡಿಗ್ರಿ ಇಳಿಸ್ತೀರಿ? ಒಂದು, ಇಲ್ಲವೇ ಅದಕ್ಕಿಂತ ಕಡಿಮೆ ಅನ್ನಬೇಕು. ಕೆಳಗೆ ಎಷ್ಟು ಗಂಟೆ ಬಿಡ್ತೀರಿ? ಪಾರ್ಟ್ ನೇರವಾಗಿ ದ್ರವದಲ್ಲಿ ಮುಳುಗುತ್ತಾ, ಬರೀ ಆವಿಯಲ್ಲಿ ತಣ್ಣಗಾಗುತ್ತಾ? ಆವಿ ಅನ್ನೋ ಉತ್ತರ ಬರಲಿ. ಆಮೇಲೆ ಟೆಂಪರ್ ಮಾಡಿ ಕೊಡ್ತೀರಾ? ಶಾಖದ ಗ್ರಾಫ್ ಪ್ರಿಂಟ್ ಕೊಡ್ತೀರಾ?

ಕೊನೆಯ ಎರಡಕ್ಕೆ ತಡವರಿಸಿದರೆ ಬೇರೆ ಅಂಗಡಿ ನೋಡಿ. ಗ್ರಾಫ್ ಅಂದರೆ ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಇತ್ತು ಅಂತ ಮಷಿನ್ನೇ ಗೆರೆ ಎಳೆದ ಕಾಗದ. ಬಾಯಿ ಮಾತಿನ ಮೈನಸ್ 185ಕ್ಕೆ ಅದೇ ಸಾಕ್ಷಿ.

ಟೆಂಪರ್ ವಿಷಯದಲ್ಲಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಅರ್ಜೆಂಟ್ ಅಂತ ಒಂದು ಅಂಗಡಿಯಿಂದ ಟೆಂಪರ್ ಇಲ್ಲದೆ ಗೇರ್ ವಾಪಸ್ ತಂದೆ. ಹೊಸದಾಗಿ ಹುಟ್ಟಿದ ಮಾರ್ಟೆನ್ಸೈಟ್ ಕಲ್ಲುಸಕ್ಕರೆ ಇದ್ದ ಹಾಗೆ, ಗಟ್ಟಿಯಾದರೂ ಏಟಿಗೆ ಒಡೆಯುತ್ತದೆ. ಅದನ್ನು ಕಾಯಿಸಿ ಸಮಾಧಾನ ಮಾಡಬೇಕು. ನಾನು ಮಾಡಿಸಲಿಲ್ಲ. ಎರಡು ತಿಂಗಳಿಗೆ ಹಲ್ಲಿನ ತುದಿ ಹಾರಿಹೋಯಿತು.

ಹಂತ 5: ಪಾರ್ಟ್ ತಯಾರು ಮಾಡಿ

ಎಣ್ಣೆ, ಗ್ರೀಸು ಪೂರ್ತಿ ತೆಗೆಯಿರಿ. ಮೊದಲು ಡೀಸೆಲ್, ಆಮೇಲೆ ಬ್ರೇಕ್ ಕ್ಲೀನರ್, ಆಮೇಲೆ ಒಣ ಬಟ್ಟೆ. ನೀರಿನ ಹನಿ ಉಳಿಯಬಾರದು. ಬೋಲ್ಟ್ ತೂತಿನೊಳಗೆ ನೀರು ನಿಂತರೆ ಮಂಜುಗಡ್ಡೆಯಾಗಿ ಉಬ್ಬುತ್ತದೆ.

ಬಿರುಕು ಇದೆಯಾ ಅಂತ ಡೈ ಪೆನೆಟ್ರಂಟ್ ಹಾಕಿ ನೋಡಿ. ಕೆಂಪು ಬಣ್ಣ ಹೊಡೆದು ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆಯೋದು. ಬಿರುಕಿನೊಳಗೆ ಕೂತ ಕೆಂಪು ಮೆಲ್ಲಗೆ ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಕೂದಲೆಳೆಯಷ್ಟು ಗೆರೆ ಕಂಡರೂ ಆ ಪಾರ್ಟ್ ವಾಪಸ್ ಮಾರಿದವರಿಗೆ.

ಅಳತೆ ತಗೊಳ್ಳಿ. ಆಸ್ಟೆನೈಟ್ ಮಾರ್ಟೆನ್ಸೈಟ್ ಆಗುವಾಗ ಸ್ವಲ್ಪ ಹಿಗ್ಗುತ್ತದೆ. ಬೇರಿಂಗ್ ಕೂರುವ ಜಾಗ, ಶಾಫ್ಟ್ ಹೋಗುವ ತೂತು, ಇವುಗಳ ಅಳತೆ ಮೈಕ್ರೋಮೀಟರ್‌ನಲ್ಲಿ ಬರೆದಿಡಿ. ಇಲ್ಲಿ ನಮ್ಮ ಊರಿನ ಬಿಸಿಲು ಆಟ ಆಡುತ್ತದೆ. 100 ಮಿಲಿಮೀಟರ್ ಉಕ್ಕು 20 ಡಿಗ್ರಿ ಕಾದರೆ ಸುಮಾರು 0.023 ಮಿಲಿಮೀಟರ್ ಬೆಳೆಯುತ್ತದೆ. ಮೇ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಅಳೆದು, ವಾಪಸ್ ಬಂದ ಮೇಲೆ ಬೆಳಗಿನ ಜಾವ ಅಳೆದರೆ ಕ್ರಯೋದಿಂದ ಪಾರ್ಟ್ ಕುಗ್ಗಿದೆ ಅಂತ ಅನ್ನಿಸಬಹುದು. ಎರಡು ಸಲವೂ ಬೆಳಿಗ್ಗೆ ಆರೇಳು ಗಂಟೆಗೆ, ಪಾರ್ಟ್ ರಾತ್ರಿಯೆಲ್ಲ ಅದೇ ಕೋಣೆಯಲ್ಲಿದ್ದಾಗ ಅಳೆಯಿರಿ.

ಗಡಸುತನವನ್ನೂ ಪರೀಕ್ಷೆ ಮಾಡಿಸಿ. ರಾಕ್‌ವೆಲ್ ಸಿ ಅನ್ನೋದು ಅಳತೆಯ ಹೆಸರು. ವಜ್ರದ ಮೊನೆ ಒತ್ತಿ, ಎಷ್ಟು ಆಳಕ್ಕೆ ಇಳಿಯಿತು ಅಂತ ನೋಡುತ್ತಾರೆ. ಹದ ಕೊಟ್ಟ ಗೇರಿನ ಮೈ ಸಾಮಾನ್ಯವಾಗಿ 58ರಿಂದ 62ರ ನಡುವೆ ಇರುತ್ತದೆ. ಕಲಬುರಗಿಯ ಪಿಡಿಎ, ಬೀದರಿನ ಗುರುನಾನಕ್ ದೇವ್ ಥರದ ಇಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದಲ್ಲಿ ಕೇಳಿ ನೋಡಿ. ಮೊನೆ ಒತ್ತಿದಲ್ಲಿ ಚುಕ್ಕೆ ಬೀಳುತ್ತದೆ. ಹಲ್ಲಿನ ಮೇಲಲ್ಲ, ಪಕ್ಕದ ಮುಖದಲ್ಲಿ ಒತ್ತಿಸಿ. 50ರ ಕೆಳಗೆ ಬಂದರೆ ಆ ಗೇರಿಗೆ ಹದವೇ ಸರಿ ಇಲ್ಲ. ಕ್ರಯೋ ಮರೆತುಬಿಡಿ, ಗೇರ್ ವಾಪಸ್ ಕೊಡಿ.

ಗುರುತು ಹಾಕಿ. ಸ್ಟೀಲ್ ತಂತಿಯಲ್ಲಿ ತಗಡಿನ ಚೂರು ಕಟ್ಟಿ, ನಂಬರ್ ಪಂಚ್ ಮಾಡಿ. ಪ್ಲಾಸ್ಟಿಕ್ ಟ್ಯಾಗು ಆ ಚಳಿಯಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ಉಜ್ಜಿ ಹೊಂದಿಸಿದ ಸಾಮಾನು, ಎರಡರ ಮೇಲೂ ಜೋಡಿ ನಂಬರ್ ಇರುತ್ತದೆ. ಒಂದರ ಕ್ರೌನ್ ಇನ್ನೊಂದರ ಪಿನಿಯನ್ ಜೊತೆ ಸೇರಿದರೆ ಜೀವನಪೂರ್ತಿ ಗೋಂ ಅನ್ನೋ ಸದ್ದು ಕೇಳುತ್ತಾ ಓಡಿಸಬೇಕು.

ಮರದ ಪೆಟ್ಟಿಗೆಯಲ್ಲಿ, ಗೋಣಿ ತಟ್ಟು ಸುತ್ತಿ ಕಳಿಸಿ. ಬಸ್ಸಿನ ಪಾರ್ಸಲ್ಲಿನಲ್ಲಿ ಕಳಿಸಬಹುದು. ಹಲ್ಲಿಗೆ ಹಲ್ಲು ತಾಗದ ಹಾಗೆ ಬೇರೆ ಬೇರೆ ಸುತ್ತಿ.

ಹಂತ 6: ಚೇಂಬರಿನೊಳಗೆ ಏನಾಗುತ್ತದೆ

ಇಲ್ಲಿ ನಿಮಗೆ ಕೆಲಸವಿಲ್ಲ. ಆದರೂ ಹೊತ್ತಿನ ಲೆಕ್ಕ ಗೊತ್ತಿರಲಿ. 30 ಡಿಗ್ರಿಯಿಂದ ಮೈನಸ್ 185ಕ್ಕೆ ಇಳಿಯೋದು ಅಂದರೆ 215 ಡಿಗ್ರಿ. ನಿಮಿಷಕ್ಕೆ ಒಂದು ಡಿಗ್ರಿ ಅಂದರೂ ಮೂರೂವರೆ ಗಂಟೆ ದಾಟುತ್ತದೆ. ಅರ್ಧ ಡಿಗ್ರಿ ಆದರೆ ಏಳು ಗಂಟೆ. ಕೆಳಗೆ 24 ಗಂಟೆ. ವಾಪಸ್ ಬರೋಕೆ ಮತ್ತೆ ಅಷ್ಟೇ. ಆಮೇಲೆ 150ರಿಂದ 180 ಡಿಗ್ರಿಯಲ್ಲಿ ಒಂದೆರಡು ಗಂಟೆ ಟೆಂಪರ್. ಒಟ್ಟು ಎರಡು ದಿನದ ಹತ್ತಿರ. "ಸಂಜಿಗೇ ಕೊಡ್ತೀನ್ರೀ" ಅಂದವರ ಹತ್ತಿರ ಕೊಡಬೇಡಿ.

ಟೆಂಪರ್ 200 ದಾಟಬಾರದು ಅಂತ ಗೇರಿನ ಜಾಬ್ ಕಾರ್ಡಿನಲ್ಲಿ ಬರೆಸಿ. ಜಾಸ್ತಿ ಕಾಯಿಸಿದರೆ ಗಟ್ಟಿ ಮೈ ಮೆತ್ತಗಾಗಿ, ಮಾಡಿದ್ದೆಲ್ಲ ನೀರಲ್ಲಿ ಮಾಡಿದ ಹೋಮ.

ಪೂರ್ತಿ ಕೋಣೆಯ ಶಾಖಕ್ಕೆ ಬರುವ ಮುಂಚೆ ಮುಚ್ಚಳ ತೆಗೆಸಬೇಡಿ. ತಣ್ಣನೆ ಚೊಂಬಿನ ಮೇಲೆ ಕೂತ ಹಾಗೆ ಪಾರ್ಟಿನ ಮೇಲೂ ನೀರು ಕೂರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ತುಕ್ಕು.

ಮನೆಯಲ್ಲೇ ಮಾಡೋಣ ಅನ್ನುವವರಿಗೆ

ಈ ಪ್ರಶ್ನೆಯೂ ಬರುತ್ತದೆ, ಅದೂ ನಮ್ಮ ಕಡೆಯಿಂದಲೇ ಜಾಸ್ತಿ. ಕಾರಣ ಗೊತ್ತು. ಪಶುವೈದ್ಯ ವಿಶ್ವವಿದ್ಯಾಲಯ ಇರುವ ಜಿಲ್ಲೆ ಬೀದರ್. ಎಮ್ಮೆ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ವೀರ್ಯದ ಕಡ್ಡಿ ಇಡೋದು ದ್ರವ ನೈಟ್ರೋಜನ್ ಕ್ಯಾನಿನಲ್ಲೇ. ಹಳ್ಳಿಯಲ್ಲಿ ಎಲ್ಲರೂ ಆ ಕ್ಯಾನ್ ನೋಡಿದ್ದಾರೆ. "ಡಾಕ್ಟರ್ ಕಡೆ ಎರಡು ಲೀಟರ್ ತಗೊಂಡು ಬಕೆಟ್‌ನ್ಯಾಗ ಹಾಕಿದ್ರ ಆತಲ್ಲ?"

ಆಗೋದಿಲ್ಲ. ನೈಟ್ರೋಜನ್ನಿಗೆ ನಿಮ್ಮ ಕೋಣೆಯಲ್ಲಿರುವ ಗೇರೇ ಕಾದ ಹಂಚು. ಮೇಲೆ ಸುರಿದರೆ ಹಂಚಿಗೆ ನೀರು ಚಿಮುಕಿಸಿದ ಹಾಗೆ ಚಟಪಟ ಕುದಿಯುತ್ತದೆ. ತೆಳ್ಳಗಿನ ಜಾಗ ಮೊದಲು ತಣ್ಣಗಾಗಿ ಕುಗ್ಗುತ್ತದೆ, ದಪ್ಪ ಜಾಗ ಕುಗ್ಗೋದಿಲ್ಲ. ನಡುವೆ ಬಿರುಕು. ಕೆಲವೊಮ್ಮೆ ಟಣ್ ಅಂತ ಕೇಳಿಸುತ್ತದೆ. ಕೆಲವೊಮ್ಮೆ ಕೇಳಿಸೋದಿಲ್ಲ, ಆ ಬಿರುಕು ಇನ್ನೂ ಅಪಾಯ. ಅದು ಗೊತ್ತಾಗೋದು ರಸ್ತೆಯ ಮೇಲೆ.

ಅದಕ್ಕಿಂತ ದೊಡ್ಡ ವಿಷಯ ಉಸಿರು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ನೈಟ್ರೋಜನ್ ಅನಿಲವಾಗುತ್ತದೆ. ಹತ್ತಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ 10 ಲೀಟರ್ ಚೆಲ್ಲಿದರೆ ಕೋಣೆಯ ಕಾಲು ಭಾಗ ಅದೇ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಕೆಮ್ಮು ಬರೋದಿಲ್ಲ, ಕಣ್ಣು ಉರಿಯೋದಿಲ್ಲ. ಆಮ್ಲಜನಕ ಕಡಿಮೆಯಾಗಿ ತಲೆ ತಿರುಗಿ ಬಿದ್ದಾಗಲೇ ಗೊತ್ತಾಗೋದು. ಶಟರ್ ಎಳೆದ ಗ್ಯಾರೇಜಿನಲ್ಲಿ, ಕಿಟಕಿ ಏರಿಸಿದ ಕಾರಿನಲ್ಲಿ ಈ ಕ್ಯಾನ್ ಇಡಲೇಬಾರದು. ಬಿಗಿ ಮುಚ್ಚಳ ಹಾಕಿದ ಫ್ಲಾಸ್ಕಿಗೆ ತುಂಬಿದರೆ ಅದು ಬಾಂಬು. ಬಟ್ಟೆಯ ಗ್ಲೌಸ್ ನೆನೆದರೆ ಚರ್ಮಕ್ಕೆ ಅಂಟಿಕೊಂಡು ಸುಟ್ಟ ಗಾಯವಾಗುತ್ತದೆ. ಆ ಕ್ಯಾನ್ ಎಮ್ಮೆಗೇ ಇರಲಿ.

ಹಂತ 7: ವಾಪಸ್ ಬಂದ ಮೇಲೆ

ಮೊದಲು ಗ್ರಾಫ್ ನೋಡಿ, ಆಮೇಲೆ ಪಾರ್ಟ್. ಗೆರೆ ಮೆಲ್ಲಗೆ ಇಳಿದು, ಕೆಳಗೆ ಉದ್ದಕ್ಕೆ ಮಲಗಿ, ಮೆಲ್ಲಗೆ ಏರಿರಬೇಕು. ಗೆರೆ ಬಾವಿಗೆ ಕಲ್ಲು ಬಿದ್ದ ಹಾಗೆ ಕೆಳಗೆ ಬಿದ್ದಿದ್ದರೆ ಮತ್ತೊಮ್ಮೆ ಡೈ ಪೆನೆಟ್ರಂಟ್ ಹಾಕದೆ ಗಾಡಿಗೆ ಜೋಡಿಸಬೇಡಿ. ಗೆರೆ ಚೆನ್ನಾಗಿದ್ದರೂ ಒಮ್ಮೆ ಹಾಕಿ ನೋಡೋದು ಒಳ್ಳೇದು.

ಗಡಸುತನ ಮತ್ತೆ ಅಳೆಸಿ. ಒಂದೋ ಎರಡೋ ಅಂಕ ಏರಿದ್ದರೆ ಸರಿ. "ಅಷ್ಟೇನಾ?" ಅನ್ನಬೇಡಿ, ಅಷ್ಟೇ ಇರೋದು. ಹತ್ತು ಅಂಕ ಏರಿತು ಅಂತ ಯಾರಾದರೂ ಹೇಳಿದರೆ ಮಷಿನ್ನನ್ನೇ ಚೆಕ್ ಮಾಡಿಸಿ. ಬಣ್ಣ ಬದಲಾಗೋದಿಲ್ಲ, ಹೊಳಪು ಬರೋದಿಲ್ಲ. ನೋಡಿ ಹೇಳ್ತೀನಿ ಅನ್ನೋ ಮಿಸ್ತ್ರಿ ಸುಮ್ನೆ ಹೇಳ್ತಿದ್ದಾನೆ.

ಬೇರಿಂಗ್ ಕೂರುವ ಜಾಗದ ಅಳತೆ ಹಳೆ ಚೀಟಿಗೆ ಹೋಲಿಸಿ. ಮ್ಯಾನ್ಯುಯಲ್ಲಿನ ಮಿತಿ ದಾಟಿದ್ದರೆ ಹಗುರಾಗಿ ಗ್ರೈಂಡ್ ಮಾಡಿಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸೋದು ಬೇಡ.

ಹಂತ 8: ಜೋಡಿಸುವಾಗ

ಡಿಸ್ಕ್ ಮಾಡಿಸಿಯೇ ಮಾಡಿಸಿದ್ದೀರಿ ಅಂತಿಟ್ಟುಕೊಳ್ಳೋಣ. ಎಡ ಬಲ ಎರಡೂ ಕ್ರಯೋ ಆಗಿರಬೇಕು. ವ್ಯತ್ಯಾಸ ನೋಡೋಣ ಅಂತ ಒಂದು ಕಡೆ ಮಾತ್ರ ಹಾಕುವ ಬುದ್ಧಿವಂತರಿದ್ದಾರೆ. ಬ್ರೇಕ್ ಒಂದು ಕಡೆ ಎಳೆದರೆ ಆ ಪ್ರಯೋಗ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಹೊಸ ಪ್ಯಾಡ್ ಹಾಕಿ. ಮೊದಲ ಒಂದೆರಡು ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ತುಳಿಯಬೇಡಿ, ಹಗುರಾಗಿ ಹತ್ತಾರು ಸಲ ಒತ್ತಿ ಪ್ಯಾಡ್ ಕೂರಿಸಿ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ. ಕ್ರಯೋ ಆದರೂ ಆ ಅಂಕಿ ಬದಲಾಗೋದಿಲ್ಲ. ಅಷ್ಟಕ್ಕೆ ಬಂದರೆ ಡಿಸ್ಕ್ ಬಿಸಾಕೋದೇ.

ಕ್ರೌನ್ ಪಿನಿಯನ್ ಆದರೆ ಹಲ್ಲುಗಳ ನಡುವಿನ ಆಟ, ಮಿಸ್ತ್ರಿಗಳು ಬ್ಯಾಕ್‌ಲ್ಯಾಶ್ ಅನ್ನೋದು, ಡಯಲ್ ಗೇಜ್ ಇಟ್ಟೇ ಸೆಟ್ ಮಾಡಿಸಿ. ಕೈಯಲ್ಲಿ ಅಲ್ಲಾಡಿಸಿ "ಬರೋಬರ್ ಅದ" ಅನ್ನೋದು ನಡೆಯೋದಿಲ್ಲ. ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಆಯಿಲ್ಲೇ ಹಾಕಿ.

ಮೊದಲ 1,000 ಕಿಲೋಮೀಟರಿಗೆ ಆ ಆಯಿಲ್ ಇಳಿಸಿಬಿಡಿ. ಆಮೇಲೆ ಪ್ರತಿ 5,000ಕ್ಕೆ ಒಮ್ಮೆ ಡ್ರೈನ್ ಪ್ಲಗ್ ಬಿಚ್ಚಿ ನೋಡಿ. ಹಲವು ಗಾಡಿಗಳಲ್ಲಿ ಅದರ ತುದಿಗೆ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ್ದನ್ನು ಬಿಳಿ ಬಟ್ಟೆಯ ಮೇಲೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಅದು ಮಾಮೂಲಿ ಸವಕಳಿ. ಕಿಲೋಮೀಟರ್ ಜೊತೆಗೆ ಡೈರಿಯಲ್ಲಿ ಬರೆದು, ಒಂದು ಫೋಟೊ ಇಟ್ಟುಕೊಳ್ಳಿ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಅಲ್ಲಿಂದ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಬಂದು ಹೌಸಿಂಗ್ (ಗೇರು ಕೂತಿರುವ ಪೆಟ್ಟಿಗೆ) ಬಿಚ್ಚಿಸಿ.